ತೊಳೆಯುವ ಮುನ್ನ ಒಮ್ಮೆ ನೋಡಿ

ನಮ್ಮ ಕಡೆ ಕಪ್ಪಾದ ತಾಮ್ರ ಕಣ್ಣಿಗೆ ಬಿದ್ದರೆ ಕೈ ನೇರವಾಗಿ ಹುಣಸೆಹಣ್ಣಿನ ಡಬ್ಬಿಗೆ ಹೋಗುತ್ತದೆ. ಚೆಂಬಿಗೆ, ಹಂಡೆಗೆ ಅದು ಸರಿ. ಹಳೆಯ ನಾಣ್ಯಕ್ಕೆ ಅದೇ ಕೇಡು. ಎರಡು ವರ್ಷಗಳಿಂದ ನಾಣ್ಯ ಸಂಗ್ರಹಿಸುತ್ತಿರುವ ನಾನು ಮೊದಲು ಕಲಿತ ಪಾಠ ಇದು.

ಕಾರಣ ನಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲೇ ಇದೆ. ತಾಮ್ರ ಆಮ್ಲಜನಕದೊಂದಿಗೆ ಸೇರಿ ಕಂದು ಬಣ್ಣದ ಪದರ ಕಟ್ಟುತ್ತದೆ. ಬೆಳ್ಳಿ ಗಾಳಿಯಲ್ಲಿನ ಗಂಧಕದಿಂದಾಗಿ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆ ಪದರವನ್ನು ಕರಗಿಸುತ್ತದೆ. ಬೂದಿ ಹಾಕಿ ಉಜ್ಜಿದರೆ ಅಕ್ಷರಗಳ ಅಂಚೂ ಸವೆಯುತ್ತದೆ. ನೂರಾರು ವರ್ಷಗಳಲ್ಲಿ ಕೂಡಿದ ಬಣ್ಣ ಹತ್ತು ನಿಮಿಷದಲ್ಲಿ ಹೋಗುತ್ತದೆ, ಮತ್ತೆ ಹಾಗೆಯೇ ಬರುವುದಿಲ್ಲ. ಅದಕ್ಕೇ ಸಂಗ್ರಾಹಕರು ತೊಳೆದ ನಾಣ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ.

ತೊಳೆದದ್ದನ್ನು ಗುರುತಿಸುವುದು ಹೇಗೆ? ಭೂತಗನ್ನಡಿ ಹಿಡಿದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿ ಕಂಡರೆ ಯಾರೋ ಉಜ್ಜಿದ್ದಾರೆ. ಬಳಕೆಯಿಂದ ಬಿದ್ದ ಗೀರುಗಳು ದಿಕ್ಕಾಪಾಲಾಗಿರುತ್ತವೆ. ಸಮತಟ್ಟಾದ ಭಾಗ ಹೊಳೆಯುತ್ತಿದ್ದು ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೂ ಅನುಮಾನಿಸಿ. ಹಳೆಯ ತಾಮ್ರ ಹೊಸದರಂತೆ ಗುಲಾಬಿ ಬಣ್ಣಕ್ಕಿದ್ದರೆ ಅದು ಆಮ್ಲ ಕಂಡಿದೆ ಎಂದೇ ತಿಳಿಯಿರಿ.

ನಮ್ಮ ಜಿಲ್ಲೆಯವರಿಗೆ ಅಭ್ಯಾಸಕ್ಕೆ ಒಳ್ಳೆಯ ನಾಣ್ಯ ಟಿಪ್ಪು ಸುಲ್ತಾನರ ಆನೆ ಪೈಸೆ. ಅದರ ಒಂದು ಟಂಕಸಾಲೆ ಪಕ್ಕದ ಶ್ರೀರಂಗಪಟ್ಟಣದಲ್ಲೇ ಇತ್ತು. ನಾಣ್ಯದ ಮೇಲೆ ಊರಿನ ಹೆಸರು ಪರ್ಷಿಯನ್ ಲಿಪಿಯಲ್ಲಿ ‘ಪಟನ್’ ಎಂದಿರುತ್ತದೆ. ಉರ್ದು ಓದಬಲ್ಲವರಿಗೆ ಇಲ್ಲಿ ಅನುಕೂಲವಿದೆ. ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರುಗಳು: ಪೈಸೆ ‘ಜೊಹ್ರಾ’, ಅಂದರೆ ಶುಕ್ರ, ಅರ್ಧ ಪೈಸೆ ‘ಬಹ್ರಾಮ್’, ಅಂದರೆ ಮಂಗಳ. ಸುಲ್ತಾನರು 1787ರಲ್ಲಿ ಮೌಲೂದಿ ಶಕೆ ತಂದ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದರು. ಹಾಗಾಗಿ 1225 ಎಂಬುದು ನಾಣ್ಯದ ಮೇಲೆ 5221 ಎಂದು ಕಾಣುತ್ತದೆ. ಪೈಸೆಯ ತೂಕ ಸುಮಾರು 11 ಗ್ರಾಂ. ಇವನ್ನು ಕೈಯಿಂದ ಅಚ್ಚು ಹೊಡೆದು ಮಾಡಿದ್ದರಿಂದ ಚಿತ್ರ ಕೆಲವೊಮ್ಮೆ ಪಕ್ಕಕ್ಕೆ ಸರಿದಿರುತ್ತದೆ, ಅಂಚು ಪೂರ್ತಿ ದುಂಡಗಿರುವುದಿಲ್ಲ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಸಣ್ಣ ಗುಳಿಗಳು, ಅಂಚಿನ ಸುತ್ತ ಜೋಡಣೆಯ ಗೆರೆ, ಸವೆದ ಸೋಪಿನಂಥ ಅಕ್ಷರ ಕಾಣುತ್ತವೆ.

ಬೆಳ್ಳಿ ರೂಪಾಯಿಗಳಲ್ಲಿ ಮೋಸ ಬೇರೆ ಬಗೆಯದು. 1939ರ ರೂಪಾಯಿ ಬಹಳ ವಿರಳ. ಆದ್ದರಿಂದ 1938ರ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡುವವರಿದ್ದಾರೆ. ಆ ಅಂಕಿಯ ಸುತ್ತ ಮಾತ್ರ ಲೋಹದ ಬಣ್ಣ, ಹೊಳಪು ಬೇರೆಯಾಗಿರುತ್ತದೆ. ಇನ್ನೊಂದು, ಸರಕ್ಕೆ ಪೋಣಿಸಿದ್ದ ನಾಣ್ಯದ ಕೊಂಡಿ ತೆಗೆದು, ತೂತು ಮುಚ್ಚಿ, ಉಜ್ಜಿ ಮಾರುವುದು.

ಈ ಎರಡನೆಯದು ನಮ್ಮ ಮನೆಯಲ್ಲೇ ಚರ್ಚೆಗೆ ಬಂತು. ಮಳವಳ್ಳಿಯಲ್ಲಿರುವ ನನ್ನ ದಾದಿಯ ಹತ್ತಿರ ಕಾಸಿನ ಸರದ ಆರು ಬೆಳ್ಳಿ ರೂಪಾಯಿಗಳಿದ್ದವು. ನಾಲ್ಕಕ್ಕೆ ಕೊಂಡಿ ಬೆಸೆದ ಗುರುತು, ಎರಡಕ್ಕೆ ತೂತು. ಕಳೆದ ವರ್ಷ ಆಪಾಳ ನರ್ಸಿಂಗ್ ಕೋರ್ಸಿನ ಮೊದಲ ಕಂತು ಕಟ್ಟಬೇಕಿತ್ತು. ಚಾಚಾ, “ಅಕ್ಕಸಾಲಿಗರ ಹತ್ತಿರ ತೂತು ಮುಚ್ಚಿಸಿ ಪಾಲಿಶ್ ಮಾಡಿಸೋಣ, ಸಂಗ್ರಹಿಸುವವರು ಒಳ್ಳೆ ಬೆಲೆ ಕೊಡ್ತಾರೆ” ಎಂದರು. ಹಾಗೆ ಮಾಡಿದರೆ ಕೊಳ್ಳುವವರಿಗೆ ಗೊತ್ತಾಗುವುದಿಲ್ಲವೇ ಎಂದು ದಾದಿ ನನ್ನನ್ನೇ ಕೇಳಿದರು. ಗೊತ್ತಿರುವವರಿಗೆ ಗೊತ್ತಾಗುತ್ತದೆ, ನನ್ನಂಥ ಹೊಸಬರು ಮೋಸಹೋಗುತ್ತಾರೆ ಎಂದೆ. ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಬೇಡ. ಬೆಳ್ಳಿ ಅಂತ ತೂಕಕ್ಕೆ ಕೊಟ್ಟುಬಿಡಿ. ತೂತಿನವು ಎರಡು ನನಗಿರಲಿ” ಎಂದರು.

ಆ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ನಮ್ಮವೆಲ್ಲ ಅದಕ್ಕಿಂತ ಹಿಂದಿನವು. ಈ ಲೆಕ್ಕ ಬರೆದುಕೊಂಡು ಹೋಗಿ ನಾಲ್ಕನ್ನು ತೂಕಕ್ಕೆ ಮಾರಿದೆವು. ಕಂತಿನ ಹಣ ಪೂರ್ತಿ ಆಗಲಿಲ್ಲ. ಉಳಿದದ್ದನ್ನು ಅಬ್ಬಾ ಸಾಲ ಮಾಡಿ ಕಟ್ಟಿದರು, ಇನ್ನೂ ತೀರಿಸುತ್ತಿದ್ದಾರೆ. ಚಾಚಾ ಆಗಾಗ ಅದನ್ನು ನೆನಪಿಸುತ್ತಾರೆ. ಅವರ ಮಾತಿನಲ್ಲೂ ನ್ಯಾಯವಿದೆ, ಹಣದ ಕಷ್ಟ ನಿಜವಾಗಿತ್ತು. ಆದರೆ ನಾನು ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಹುಡುಕುವ ಮೋಸವನ್ನೇ ನನ್ನ ಮನೆಯಿಂದ ಇನ್ನೊಬ್ಬ ಹೊಸಬನಿಗೆ ಕಳಿಸುವುದು ಹೇಗೆ?

ಸ್ನೇಹಿತರೇ, ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ನಾಣ್ಯಗಳಿರಬಹುದು. ಸಿಕ್ಕರೆ ಅಂಚು ಹಿಡಿದು ಎತ್ತಿಕೊಳ್ಳಿ, ಒಣಗಿದ ಕಾಗದದ ಲಕೋಟೆಯಲ್ಲಿಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅದು ಲೋಹವನ್ನು ಕೆಡಿಸುತ್ತದೆ. ಲಕೋಟೆಯ ಮೇಲೆ ತೂಕ, ವರ್ಷ, ಯಾರಿಂದ ಬಂತು, ತೂತು ಅಥವಾ ಗೀರು ಇದೆಯೇ ಎಂದು ಬರೆಯಿರಿ. ಹೊಲ ಉಳುವಾಗ ನಿಧಿ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಕಾಲೇಜಿಗೆ ತನ್ನಿ, ಸೇರಿ ನೋಡೋಣ. ಹುಣಸೆಹಣ್ಣು ಮಾತ್ರ ಸಾರಿಗೇ ಇರಲಿ.