ಖಾಬ್‌ವರೆಗೂ ಸಟ್ಲೆಜ್ ಜೊತೆ

ಶಿಮ್ಲಾದಿಂದ ಹೊರಟು, ನಾರ್ಕಂಡಾದ ಚಳಿ ದಾಟಿ ಸಟ್ಲೆಜ್ ದಂಡೆಗೆ ಇಳಿದರೆ ಅಕ್ಟೋಬರಿನಲ್ಲೂ ಸೆಕೆ. ಹಿಮಾಲಯಕ್ಕೆಂದು ಹಾಕಿಕೊಂಡಿದ್ದ ಸ್ವೆಟರ್ ಚೀಲ ಸೇರಿತು. ಕಣಿವೆ ಅಷ್ಟು ಆಳ; ರಾಂಪುರ ಪೇಟೆ ಇರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ, ನಮ್ಮ ಮಡಿಕೇರಿಗಿಂತ ತಗ್ಗಿನಲ್ಲಿ. ಬುಶಹರ್ ಅರಸರ ರಾಜಧಾನಿಯಾಗಿದ್ದ ಊರು. ಒಂದು ಕಾಲಕ್ಕೆ ಟಿಬೆಟ್ಟಿನ ಉಣ್ಣೆ ಬಂದಿಳಿಯುತ್ತಿದ್ದ ಲವಿ ಜಾತ್ರೆ ಈಗಲೂ ನವೆಂಬರಿನಲ್ಲಿ ನಡೆಯುತ್ತದೆ.

ರಾಂಪುರದಿಂದ ಮುಂದೆ ಕಣಿವೆ ಕಿರಿದಾಯಿತು. ಝಾಕ್ರಿ ದಾಟಿ ಕಿಟಕಿಯಿಂದ ಬಗ್ಗಿ ನೋಡಿದರೆ ಪಾತ್ರದ ತುಂಬ ಮನೆಗಾತ್ರದ ಬಂಡೆಗಳು, ನಡುವೆ ಅಲ್ಲಲ್ಲಿ ಮಿನುಗುವ ಒಂದಿಷ್ಟು ನೀರು. "ನದಿ ಎಲ್ಲಿ ಹೋಯ್ತು?" ಎಂದೆ. ಡ್ರೈವರ್ ಸ್ಟೀರಿಂಗಿನಿಂದ ಕೈ ತೆಗೆಯದೆ ಗದ್ದದಲ್ಲೇ ಬೆಟ್ಟ ತೋರಿಸಿದ: "ಅದರೊಳಗೆ ಇದೆ ಸಾಬ್."

ಅವನು ಹೇಳಿದ್ದು ಅಕ್ಷರಶಃ ನಿಜ. ಮೇಲೆ ಕಾರ್ಚಮ್‌ನಲ್ಲಿ ಕಟ್ಟೆ ಕಟ್ಟಿ ನದಿಯನ್ನು 17 ಕಿ.ಮೀ. ಸುರಂಗಕ್ಕೆ ಇಳಿಸುತ್ತಾರೆ. ವಾಂಗ್ಟುವಿನಲ್ಲಿ ಹೊರಬಂದ ನೀರನ್ನು ಸ್ವಲ್ಪ ಕೆಳಗೆ ನಾಥ್ಪಾ ಅಣೆಕಟ್ಟು ಹಿಡಿದು ಇನ್ನೊಂದು 27 ಕಿ.ಮೀ. ಸುರಂಗಕ್ಕೆ ತಳ್ಳುತ್ತದೆ. ಅದು ಝಾಕ್ರಿಯಲ್ಲಿ 1,500 ಮೆಗಾವಾಟ್ ವಿದ್ಯುತ್ ಕೊಟ್ಟು, ನದಿಗೆ ಮರಳುವ ಮೊದಲೇ ಮತ್ತೆ 15 ಕಿ.ಮೀ. ಸುರಂಗ ಹೊಕ್ಕು ರಾಂಪುರ ಯೋಜನೆಯ ಚಕ್ರ ತಿರುಗಿಸುತ್ತದೆ. ಹೆಚ್ಚುಕಡಿಮೆ 60 ಕಿ.ಮೀ. ನದಿಗೆ ಬಿಸಿಲು ಅಪರೂಪ. ಲಿಂಗನಮಕ್ಕಿಯ ನಂತರದ ಜೋಗವನ್ನು ಬೇಸಿಗೆಯಲ್ಲಿ ನೋಡಿದವರಿಗೆ ಇದು ಹೊಸ ನೋವೇನಲ್ಲ. ಆದರೂ ಸಟ್ಲೆಜ್ ಪೂರ್ತಿ ಸೋತಿಲ್ಲ. ಮಳೆಗಾಲದಲ್ಲಿ ಅದು ಹೊತ್ತು ತರುವ ಬೆಣಚುಕಲ್ಲಿನ ಹೂಳು ಟರ್ಬೈನ್‌ಗಳನ್ನು ಸವೆಸುತ್ತದೆ. ಹೂಳು ಮಿತಿ ಮೀರಿದರೆ ಯಂತ್ರಗಳನ್ನೇ ನಿಲ್ಲಿಸಬೇಕಾಗುತ್ತದೆ.

ಕಿನ್ನೌರ್ ಜಿಲ್ಲೆಯ ಸ್ವಾಗತ ಕಮಾನು ದಾಟಿದ್ದೇ ರಸ್ತೆಯ ವರಸೆ ಬದಲು. ಬಂಡೆಯ ಹೊಟ್ಟೆ ಕೊರೆದು ದಾರಿ ಮಾಡಿದ್ದಾರೆ. ತಲೆಯ ಮೇಲೂ ಕಲ್ಲು, ಪಕ್ಕದಲ್ಲಿ ನೂರಾರು ಅಡಿ ಪ್ರಪಾತ. ಟಿಬೆಟ್ಟಿನ ವ್ಯಾಪಾರಕ್ಕೆಂದು ಡಾಲ್‌ಹೌಸಿ 1850ರಲ್ಲಿ ಶುರು ಮಾಡಿಸಿದ ಹಿಂದೂಸ್ತಾನ್–ಟಿಬೆಟ್ ರಸ್ತೆ ಹೇಸರಗತ್ತೆಗಳು ನಡೆಯುವಷ್ಟು ಅಗಲವಿತ್ತು. ಈಗ ಇದೇ ಕಣಿವೆಯಲ್ಲಿ ಸೇನೆಯ ಟ್ರಕ್ಕು, ಸೇಬಿನ ಲಾರಿ ಎದುರುಬದುರಾಗುತ್ತವೆ. ತರಂಡಾ ದೇವಿಯ ಗುಡಿ ಮುಂದೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ನಮ್ಮ ಡ್ರೈವರೂ ಇಳಿದು ಕೈಮುಗಿದ. ಇಲ್ಲಿಗೆ ಹತ್ತಿರದ ನಿಗುಲ್ಸರಿಯಲ್ಲಿ 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬಸ್ಸು, ಕಾರುಗಳ ಮೇಲೆ ಬಿದ್ದು 28 ಜನ ಸತ್ತರು. ಆ ಜಾಗ ದಾಟುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆ ವರ್ಷವೇ ಕಿನ್ನೌರಿನ ಯುವಕರು ಹೊಸ ಜಲವಿದ್ಯುತ್ ಯೋಜನೆಗಳ ವಿರುದ್ಧ 'ನೋ ಮೀನ್ಸ್ ನೋ' ಎಂದು ಬೀದಿಗಿಳಿದಿದ್ದರು.

ಕಾರ್ಚಮ್‌ನಲ್ಲಿ ಬಾಸ್ಪಾ ನದಿ ಬಂದು ಸೇರುತ್ತದೆ. ಪ್ರವಾಸಿಗಳಲ್ಲಿ ಬಹಳಷ್ಟು ಮಂದಿ ಇಲ್ಲಿಂದ ಸಾಂಗ್ಲಾ, ಚಿತ್ಕುಲ್ ಕಡೆ ತಿರುಗಿಬಿಡುತ್ತಾರೆ. ನಾವು ರಿಕಾಂಗ್ ಪಿಯೋದಲ್ಲಿ ರಾತ್ರಿ ಕಳೆದು ನೇರ ಮುಂದೆ ಹೋದೆವು. ಚಿಲ್ಗೋಜಾ ಪೈನ್ ಮರಗಳು ವಿರಳವಾಗಿ, ಪೂಹ್ ಹತ್ತಿರಾಗುವ ಹೊತ್ತಿಗೆ ಹಸಿರೇ ಮುಗಿಯಿತು. ಮುಂಗಾರು ಇಷ್ಟು ಒಳಗೆ ಬರುವುದೇ ಕಡಿಮೆ. ಬೋಳು ಗೋಡೆಗಳ ನಡುವೆ ನದಿ ಮಾತ್ರ ಇಲ್ಲಿ ಬಿಡುಬೀಸಾಗಿ, ಅಬ್ಬರಿಸಿ ಹರಿಯುತ್ತದೆ. ಕಾರಿನ ಗಾಜು ಏರಿಸಿದರೂ ಆ ಸದ್ದು ಒಳಗೆ ಬರುತ್ತದೆ.

ಖಾಬ್‌ನಲ್ಲಿ ಸ್ಪೀತಿ ನದಿ ಇಕ್ಕಟ್ಟಾದ ಸಂದಿಯಿಂದ ಹೊರಬಂದು ಸಟ್ಲೆಜ್‌ಗೆ ಸೇರುತ್ತದೆ. ಮೇಲೆ ಹಿಮಾಚಲದಲ್ಲೇ ಎತ್ತರದ ರಿಯೋ ಪುರ್ಗ್ಯಿಲ್, 6,816 ಮೀಟರ್. ಆಚೆ ಶಿಪ್ಕಿ ಲಾ, ಅದರಾಚೆ ಟಿಬೆಟ್. ಹಿಮಾಲಯ ಏಳುವ ಮೊದಲೇ ಈ ನದಿ ಹರಿಯುತ್ತಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ಬೆಟ್ಟ ಏರಿದಷ್ಟೂ ನದಿ ಕೊರೆಯಿತು, ಹೀಗಾಗಿ ಈ ಕಣಿವೆ. ಪುಸ್ತಕದಲ್ಲಿ ಓದಿದಾಗ ತಲೆಗೆ ಹೋಗದ ಮಾತು ಸೇತುವೆ ಮೇಲೆ ನಿಂತು ಕತ್ತೆತ್ತಿದರೆ ತಾನಾಗಿ ಅರ್ಥವಾಗುತ್ತದೆ.

ಹೋಗುವವರು ಜುಲೈ, ಆಗಸ್ಟ್ ಬಿಟ್ಟು ಹೋಗಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಸ್ವಂತ ಗಾಡಿಯೇ ಬೇಕೆಂದಿಲ್ಲ, ಪಿಯೋದಿಂದ ಕಾಜಾಕ್ಕೆ ಸರ್ಕಾರಿ ಬಸ್ಸಿದೆ, ಇದೇ ದಾರಿ. ಸಾಂಗ್ಲಾ ನೋಡಿ ಖಂಡಿತ, ಆದರೆ ಅಲ್ಲಿಂದಲೇ ವಾಪಸಾಗಬೇಡಿ. ಸಟ್ಲೆಜ್ ನೋಡಬೇಕಾದದ್ದು ಪೂಹ್‌ನ ಆಚೆ.