ಹೊಂದಿಸಿ ಬರೆಯಿರಿ

ನಮ್ಮ ಹಟ್ಟಿಯ ನೆಲದಡಿ ಚಿನ್ನವಿದೆ, ಬಾತುಕೋಳಿ ಈಜುವಷ್ಟು ನೀರಿಲ್ಲ. ಅವನ್ನು ನಾನು ಕಂಡದ್ದು ಸಿಂಧನೂರು ಕಡೆಗೆ, ತಮ್ಮನ ಊರಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಆಂಧ್ರದವರು ಹಿಂಡು ತಂದು ಬಿಡುತ್ತಾರೆ. ಉದುರಿದ ಕಾಳು, ಹುಳುಹುಪ್ಪಡಿ ತಿಂದುಕೊಂಡು ಬಾತುಗಳು ಮೊಟ್ಟೆಯಿಡುತ್ತವೆ.

ಒಂದು ಬೇಸಿಗೆ ಸೂಟಿಯಲ್ಲಿ ಹೋದಾಗ ಗದ್ದೆಯಲ್ಲಿದ್ದ ಹಿಂಡು ಸೊರಗಿತ್ತು. ಹಸಿರು ನೀರಿನಂಥ ಹಿಕ್ಕೆ. ಬಿಸಿಲಿಗೆ ಕಣ್ಣು ಬಿಡಲಾರದೆ ಮುದುಡಿ ಕೂತಿದ್ದವು. ದಿನಾ ಹತ್ತಾರು ಸಾಯುತ್ತಿದ್ದವಂತೆ.

"ನಮ್ಮಕ್ಕ ಟೀಚರು, ಆಕೀನ್ನ ಕೇಳು" ಎಂದ ತಮ್ಮ. ಹಿಂಡಿನವನು ಕೈಮುಗಿದ. ಟೆಟ್ರಾಸೈಕ್ಲಿನ್ ಪುಡಿ ನೀರಿಗೆ ಹಾಕಿದ್ದನಂತೆ, ಸಾವು ಸ್ವಲ್ಪ ತಗ್ಗಿತ್ತು. ನನಗೋ ಉಬ್ಬು. ವರ್ಷವರ್ಷವೂ ಮಕ್ಕಳಿಗೆ 'ಹೊಂದಿಸಿ ಬರೆಯಿರಿ' ಕೊಟ್ಟವಳು ನಾನು: ಕಾಲರಾಕ್ಕೆ ಬ್ಯಾಕ್ಟೀರಿಯಾ, ಪೋಲಿಯೋಕ್ಕೆ ವೈರಸ್, ಒಂದು ರೋಗಕ್ಕೆ ಒಂದೇ ಗೆರೆ. "ಔಷಧಿ ಹಿಡಿದದ ಅಂದ್ರ ಇದು ಬ್ಯಾಕ್ಟೀರಿಯಾನೇ. ಅದನ್ನೇ ಮುಂದುವರಿಸಪ್ಪ" ಎಂದೆ. ಡಾಕ್ಟರನ್ನು ಕರೆಸುವ ಮಾತು ಅಲ್ಲಿಗೇ ನಿಂತಿತು.

ನಾಲ್ಕು ದಿನ ಕಳೆದಿರಲಿಲ್ಲ, ಬದುವಿನ ತುಂಬ ಸತ್ತ ಬಾತು. ಆಗ ಬಂದ ಪಶುವೈದ್ಯರು ಎರಡನ್ನು ಅಲ್ಲೇ ಕೊಯ್ದು ನೋಡಿದರು. ಯಕೃತ್ತಿನ ಮೇಲೆ ಬಿಳಿ ಚುಕ್ಕೆ, ಹೃದಯದ ಮೇಲೆ ರಕ್ತದ ಕಲೆ. ಬಾತು ಕಾಲರಾದಲ್ಲೂ ಹೀಗೇ, ಬಾತು ಪ್ಲೇಗಿನಲ್ಲೂ ಹೀಗೇ. ಕಣ್ಣಳತೆಯಿಂದ ಹೇಳಲಾಗದು ಎಂದು ಮಾದರಿ ಕಳಿಸಿದರು. ಉತ್ತರ ಬಂತು: ಎರಡೂ ಇವೆ! ಪ್ಲೇಗಿನ ವೈರಸ್ಸು ಕರುಳನ್ನು ಕೆಡಿಸಿ, ಮೈಯ ರೋಗನಿರೋಧಕ ಬಲವನ್ನು ಕುಗ್ಗಿಸುತ್ತದೆ. ಪ್ಯಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತಾಗುತ್ತದೆ. ಪುಡಿ ತಡೆದದ್ದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದು ತಾಕುವುದೇ ಇಲ್ಲ. ಅದಕ್ಕಿರುವುದು ಮೊದಲೇ ಹಾಕಿಸಬೇಕಾದ ಲಸಿಕೆ.

ಬಾತು ಪ್ಲೇಗನ್ನು ಹಾಲೆಂಡಿನಲ್ಲಿ 1923ರಲ್ಲೇ ಗುರುತಿಸಿದ್ದರು. ಪ್ಯಾಸ್ಚುರೆಲ್ಲಾ ಎಂಬ ಹೆಸರಂತೂ ಲೂಯಿ ಪಾಶ್ಚರನದೇ. ಕೋಳಿ ಕಾಲರಾದ ಇದೇ ರೋಗಾಣುವನ್ನು ದುರ್ಬಲಗೊಳಿಸಿ ಅವನು ಲಸಿಕೆಯ ದಾರಿ ಕಂಡ ಕತೆಯನ್ನು ಎಷ್ಟು ಸಲ ಹೇಳಿದ್ದೆನೋ!

ಸತ್ತವಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನೀರು. ಈ ವೈರಸ್ಸು ನೀರಿನಲ್ಲೇ ಹರಡುತ್ತದೆ. ನನ್ನ ಮಾತು ನಂಬಿ ಆ ನಾಲ್ಕೂ ದಿನ ಅವನು ಹಿಂಡನ್ನು ಕಾಲುವೆಗೆ ಬಿಟ್ಟಿದ್ದ. ಕೆಳಗೆ ಇನ್ನೆರಡು ಹಿಂಡುಗಳಿದ್ದವು.

ಮುಂದಿನ ಸುಗ್ಗಿಗೆ ಅವನು ಬರಲಿಲ್ಲ. ಬೇರೆಯವನ ಹಿಂಡಿತ್ತು. ಬಸ್ಸಿಳಿದವಳೇ ಬದುವಿಗೆ ಹೋಗಿ, "ಪ್ಲೇಗಿಂದು ಸೂಜಿ ಹಾಕಿಸೀರೇನಪ್ಪಾ?" ಎಂದು ಕೇಳಿದೆ. ಅವನು ನನ್ನ ಬಿಟ್ಟು ತಮ್ಮನ ಮುಖ ನೋಡಿದ.