ಮೂಲಪ್ರತಿಗೆ ಕುಂದು ಬಾರದಿರಲಿ

ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ತಾಳೆಯೋಲೆಗಳನ್ನು ಪ್ರತಿ ಮಾಡುವ ಕಾರ್ಯಕ್ಕೆ ನನ್ನನ್ನು ಕೂರಿಸುತ್ತಿದ್ದರು. "ಅಕ್ಷರ ತಿಳಿಯದಿದ್ದರೆ ಜಾಗ ಬಿಡು, ಊಹಿಸಿ ತುಂಬಬೇಡ. ಪ್ರತಿಯಾಯಿತೆಂದು ಓಲೆಯನ್ನು ಎಸೆಯಬೇಡ" ಎಂಬುದು ಗುರುಗಳ ಕಟ್ಟಪ್ಪಣೆ. ಅರವತ್ತು ದಾಟಿದ ಮೇಲೆ ಅದೇ ಪಾಠವನ್ನು ಮತ್ತೆ ಕಲಿಯಬೇಕಾದೀತೆಂದು ಎಣಿಸಿರಲಿಲ್ಲ.

ದರ್ಗಾದ ಯಾತ್ರಿಕರಿಂದ ಸದಾ ಗಿಜಿಗುಡುವ ನಮ್ಮ ಮುರುಗಮಲ್ಲದ ಮನೆಯಲ್ಲಿ, 2006ರಲ್ಲಿ ನೆಂಟರೊಬ್ಬರು ನಮ್ಮ ತಾಯಿಯವರ ಇಷ್ಟಲಿಂಗ ಪೂಜೆಯನ್ನು ಚಿತ್ರೀಕರಿಸಿ ಡಿವಿಡಿ ಮಾಡಿಕೊಟ್ಟಿದ್ದರು. ತಾಯಿಯವರು ಲಿಂಗೈಕ್ಯರಾದ ಮೇಲೆ ನಮಗುಳಿದ ಅವರ ಚಲಿಸುವ ಚಿತ್ರ ಅದೊಂದೇ. ಮಕ್ಕಳು ಮೊಬೈಲಿನಲ್ಲಿ ನೋಡಲೆಂದು ಅಂಗಡಿಯೊಂದರಲ್ಲಿ ಅದನ್ನು ಫೈಲು ಮಾಡಿಸಿದೆ. "ಆದಷ್ಟು ಚಿಕ್ಕದಾಗಿರಲಿ" ಎಂದು ಹೇಳಿದವನು ನಾನೇ. ಬಂದ ಫೈಲಿನಲ್ಲಿ ವಿಭೂತಿಯ ಮೂರು ಗೆರೆಗಳು ಕಲಸಿ ಒಂದೇ ಬಿಳಿ ಮಚ್ಚೆಯಾಗಿದ್ದವು. ಕೈ ಆಡಿದೆಡೆಯೆಲ್ಲ ಬಾಚಣಿಗೆಯ ಹಲ್ಲಿನಂತಹ ಗೀಟುಗಳು. ಮುಖವೂ ಅಡ್ಡಕ್ಕೆ ಹಿಗ್ಗಿತ್ತು. ಮತ್ತೆ ಮಾಡಿಸೋಣವೆಂದರೆ, ಫೈಲಾಯಿತಲ್ಲಾ ಎಂದು ನಾನು ಅಲಕ್ಷ್ಯದಿಂದ ಎತ್ತಿಟ್ಟಿದ್ದ ಡಿಸ್ಕು ಗೀರುಬಿದ್ದು ಓದದಾಗಿತ್ತು.

ಪುಣ್ಯಕ್ಕೆ ಚಿಂತಾಮಣಿಯ ತಂಗಿಯ ಮನೆಯಲ್ಲಿ ಇನ್ನೊಂದು ಡಿಸ್ಕು ದೊರೆಯಿತು. ಸೋದರಳಿಯನು ಮೊದಲು ಅದರಲ್ಲಿದ್ದುದನ್ನೆಲ್ಲ ಇದ್ದಂತೆಯೇ ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಇಟ್ಟನು. ಒಂದು ಪದರದ ಡಿವಿಡಿ ಹಿಡಿಸುವುದು 4.7 ಗಿಗಾಬೈಟು ಮಾತ್ರ. ಇಂದು ಅದೇನೂ ದೊಡ್ಡ ಹೊರೆಯಲ್ಲ. ಅನಂತರ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವನ್ನು ತೆರೆದು ಒಂದೊಂದನ್ನೇ ವಿವರಿಸಿದನು.

"ಮಾವಾ, ಗಾತ್ರವನ್ನು ಗೊತ್ತುಮಾಡಬಾರದು, ಗುಣವನ್ನು ಗೊತ್ತುಮಾಡಬೇಕು. ಆಗ ಪ್ರತಿ ದೃಶ್ಯವೂ ತನಗೆ ಬೇಕಾದಷ್ಟು ಜಾಗವನ್ನು ತಾನೇ ಪಡೆಯುತ್ತದೆ" ಎಂದನು. ಈ ಗುಣದ ಅಂಕಿ ಕಡಿಮೆಯಾದಷ್ಟೂ ಚಿತ್ರ ಉತ್ತಮ. ಡಿವಿಡಿಗೆ 18ರಿಂದ 22 ತಕ್ಕದ್ದು. ನಾವು 18ನ್ನೇ ಆರಿಸಿದೆವು. ನಮ್ಮ ದೇಶದ ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು; ಮನೆಯ ಕ್ಯಾಮರಾದ ಚಿತ್ರವಾದರೆ ಒಂದೊಂದೂ ಬೆಸಗೆರೆ, ಸಮಗೆರೆಗಳ ಎರಡು ಅರ್ಧಗಳಾಗಿರುತ್ತದೆ. ಅವು ಬೇರೆಬೇರೆ ಗಳಿಗೆಯವಾದ್ದರಿಂದ ಒಟ್ಟಿಗೆ ತೋರಿಸಿದರೆ ಬಾಚಣಿಗೆಯ ಹಲ್ಲು ಮೂಡುತ್ತದೆ. ಡೀಇಂಟರ್‌ಲೇಸ್ ಎಂಬ ಆಯ್ಕೆ ಆ ದೋಷವನ್ನು ನೀಗಿತು. 4:3ರ ಆಕಾರವನ್ನು ಹಾಗೆಯೇ ಉಳಿಸಿದೆವು, ಮುಖ ಸರಿಹೋಯಿತು. ಧ್ವನಿಯನ್ನು ಮುಟ್ಟಲೇ ಇಲ್ಲ.

"ಇನ್ನೂ ದೊಡ್ಡದು ಮಾಡಬಹುದಲ್ಲವೇ?" ಎಂದೆ. "ಡಿಸ್ಕಿನಲ್ಲಿರುವುದು 720ಕ್ಕೆ 576 ಚುಕ್ಕಿಗಳು. ಹಿಗ್ಗಿಸಿದರೆ ಯಂತ್ರ ಊಹಿಸಿ ತುಂಬುತ್ತದೆ, ಅಷ್ಟೆ" ಎಂದನು. ಗುರುಗಳ ಮಾತೇ ಅವನ ಬಾಯಲ್ಲಿ ಬಂದಂತಾಯಿತು!

ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಯಾವುದೋ ಮನೆಯ ಹಿರಿಯರು ಆ ಗರಿಗಳನ್ನು ಎಸೆಯದೆ ಕಾಪಾಡಿದ್ದರಿಂದಲೇ ಅದು ಸಾಧ್ಯವಾಯಿತು. ಬರೆದ ಡಿವಿಡಿಗಳೂ ಕಾಲಕ್ರಮದಲ್ಲಿ ಓದದಾಗುತ್ತವೆ. ಆದ್ದರಿಂದ ಬಂಧುಗಳೇ, ಮನೆಯ ಕಪಾಟಿನಲ್ಲಿರುವ ಮದುವೆ, ಪ್ರವಚನ, ಪೂಜೆಗಳ ಡಿಸ್ಕುಗಳನ್ನು ಇಂದೇ ಹೊರತೆಗೆಯಿರಿ. ಮೊದಲು ಮೂಲವನ್ನು ಇದ್ದಂತೆ ಉಳಿಸಿ, ಆಮೇಲೆ ಪ್ರತಿ ಮಾಡಿ.

ಈಗ ತಾಯಿಯವರ ಹಣೆಯಲ್ಲಿ ಮೂರು ಗೆರೆಗಳು ಮೂರಾಗಿಯೇ ಕಾಣುತ್ತವೆ. ನನಗೆ ಅಷ್ಟು ಸಾಕು.